ಪ್ರತಿ ಐದನೇ ಮನೆ

ಅರ್ಥಶಾಸ್ತ್ರದಲ್ಲಿ ಬಿ.ಎ. ಮಾಡಲು ಅರ್ಥಶಾಸ್ತ್ರ ಗೊತ್ತಿದ್ದರೆ ಸಾಕು ಎಂದುಕೊಂಡು ನಾನು ಮೂಡುಬಿದಿರೆಯ ಕಾಲೇಜಿಗೆ ಸೇರಿದ್ದೆ. ಸೇರಿದ ವಾರವೇ ನೋಟಿಸ್ ಬೋರ್ಡು ನನ್ನ ಕಣ್ಣು ತೆರೆಸಿತು. ಪದವಿ ಬೇಕಿದ್ದರೆ ಪರಿಸರ ಅಧ್ಯಯನ ಬೇಕು, ಸಂವಿಧಾನ ಬೇಕು, ಕಂಪ್ಯೂಟರ್ ಬೇಕು, ಯೋಗ ಬೇಕು, ಆಟೋಟ ಬೇಕು, ಇಷ್ಟು ಸಾಲದೆಂದು ಬೇರೆ ವಿಭಾಗದ ಒಂದು ವಿಷಯವೂ ಬೇಕು. ನಾನು ಸಸ್ಯಶಾಸ್ತ್ರದವರ ಹತ್ತಿರ ಹೋಗಿ ಅಣಬೆ ಬೆಳೆಸುವುದನ್ನು ಆರಿಸಿಕೊಂಡೆ. ಹುಲ್ಲು ತುಂಬಿಸಿದ ನನ್ನ ಚೀಲದಲ್ಲಿ ಅಣಬೆ ಬರಲೇ ಇಲ್ಲ, ಅಂಕ ಮಾತ್ರ ಬಂತು. ಯೋಗದ ಪರೀಕ್ಷೆಯಲ್ಲಿ ಸೂರ್ಯನಮಸ್ಕಾರ ಮಾಡಿ ಸುಸ್ತಾಗಿ ಚಾಪೆಯ ಮೇಲೆ ಬಿದ್ದುಕೊಂಡಾಗ, ಶವಾಸನ ತುಂಬ ಸಹಜವಾಗಿದೆ ಎಂದು ಪೂರ್ತಿ ಅಂಕ ಕೊಟ್ಟರು. ಬೇಡಿಕೆ, ಪೂರೈಕೆ ಇತ್ಯಾದಿಗಳನ್ನು ಇವುಗಳ ನಡುವೆ ಬಿಡುವಾದಾಗ ಓದುತ್ತಿದ್ದೆವು.

ಒಂದೊಂದು ವಿಷಯ ಮುಗಿಸಿದರೆ ಇಷ್ಟಿಷ್ಟು ಕ್ರೆಡಿಟ್ ಎಂದು ಸಿಗುತ್ತದೆ. ಅವನ್ನೆಲ್ಲ ಕೂಡಿಹಾಕುತ್ತ ಆರನೇ ಸೆಮಿಸ್ಟರಿನ ಕೊನೆಯ ಪರೀಕ್ಷೆಯನ್ನೂ ಬರೆದು ಮುಗಿಸಿದೆ. ಉಳಿದದ್ದು ಒಂದೇ, ಪ್ರಾಜೆಕ್ಟ್. ಒಂದು ಊರನ್ನು ಹಿಡಿದು, ಐವತ್ತು ಮನೆಗಳಿಗೆ ಹೋಗಿ ಪ್ರಶ್ನೆ ಕೇಳಿ, ವರದಿ ಬರೆದು, ಹೊರಗಿನಿಂದ ಬಂದ ಪರೀಕ್ಷಕರ ಎದುರು ಕೂತು ಉತ್ತರ ಕೊಡಬೇಕು. ವಿಷಯವನ್ನು ಬರೆದು ಕೊಟ್ಟೆ: ‘ಗ್ರಾಮೀಣ ಗೃಹಿಣಿಯರ ಸಮಯ ಬಳಕೆ: ಶಿರ್ತಾಡಿ ಗ್ರಾಮದ ಒಂದು ಅಧ್ಯಯನ’. ನನ್ನ ತವರು ಬಂಟ್ವಾಳದ ಕಡೆ. ಶಿರ್ತಾಡಿಗೂ ನನಗೂ ಸಂಬಂಧವಿರಲಿಲ್ಲ. ಆದರೆ ಆಗಷ್ಟೇ ಅಲ್ಲಿಯ ಹುಡುಗನ ಜೊತೆ ನಿಶ್ಚಿತಾರ್ಥವಾಗಿತ್ತು, ಶಿರ್ತಾಡಿ ಎಂದು ಬರೆಯುವಾಗಲೇ ಖುಷಿಯಾಗುತ್ತಿತ್ತು. ಮರುಳಿಗೆ ಮದ್ದಿಲ್ಲದ ವಯಸ್ಸು. ಮದುವೆಯಾಗಿ ಅಲ್ಲೇ ಹೋಗುತ್ತೇನಲ್ಲ, ಆರಾಮವಾಗಿ ಮಾಡುವ ಎಂದುಕೊಂಡೆ.

ಮದುವೆಯಾಯಿತು. ಆರಾಮವಾಗಿಯೇ ಮೂರು ವರ್ಷ ಹೋಯಿತು.

ಇದರ ನಡುವೆ ಒಂದು ಎಡವಟ್ಟು ನಡೆದುಹೋಗಿತ್ತು. ನಮ್ಮ ಸಂಬಂಧ ಕುದುರಿಸಿದವರು ಬೆಳ್ತಂಗಡಿಯ ಒಬ್ಬ ಮದುವೆ ದಲ್ಲಾಳಿ. ಹುಡುಗಿಯ ಪರೀಕ್ಷೆ ಎಲ್ಲ ಮುಗಿದಿದೆ ಎಂದು ನಮ್ಮವರು ಅವರಿಗೆ ಹೇಳಿದ್ದರು, ಅದು ನಿಜವೇ. ಬೆಳ್ತಂಗಡಿಯಿಂದ ಶಿರ್ತಾಡಿಗೆ ಬರುವಷ್ಟರಲ್ಲಿ ಅದು ‘ಹುಡುಗಿಗೆ ಡಿಗ್ರಿ ಆಗಿದೆ’ ಎಂದಾಯಿತು. ಅತ್ತೆ ಅದನ್ನು ಅಲ್ಲಿಂದ ಎತ್ತಿಕೊಂಡರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಹೆಂಗಸು. ಮನೆಗೆ ಡಿಗ್ರಿಯ ಸೊಸೆ ಬಂದ ಸಂಗತಿಯನ್ನು ಹಾಲಿನ ಡೈರಿಯಲ್ಲಿ, ರೇಷನ್ ಅಂಗಡಿಯಲ್ಲಿ, ಬಸ್ಸಿಗೆ ಕಾಯುವಲ್ಲಿ, ಕೇಳಿದವರಿಗೆ ಕೇಳದವರಿಗೆ ಎಲ್ಲ ಹಂಚಿದರು. ಮಗಳನ್ನು ತೊಟ್ಟಿಲಿಗೆ ಹಾಕುವ ದಿನದ ಆಮಂತ್ರಣದಲ್ಲಿ ನನ್ನ ಹೆಸರಿನ ಮುಂದೆ ಬಿ.ಎ. ಎಂದು ಅಚ್ಚು ಹಾಕಿಸಿದರು. ಗಂಡನ ಹೆಸರಿನ ಮುಂದೆ ಏನೂ ಇರಲಿಲ್ಲ. ಬಿ.ಸಿ.ರೋಡಿನ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲಸ ಮಾಡುವ ಅವರಿಗೆ ಅದರಿಂದ ಬೇಸರವೂ ಆಗಲಿಲ್ಲ. ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಅಷ್ಟು ಸಂಭ್ರಮದಲ್ಲಿ ಹೇಳುವವರ ಬಾಯಿ ಮುಚ್ಚಿಸಲು ನನಗೆ ಧೈರ್ಯ ಸಾಲಲಿಲ್ಲ ಎನ್ನುವುದು ಒಂದು ಕಾರಣ; ಕೇಳಲು ನನಗೂ ಹಿತವಾಗಿತ್ತು ಎನ್ನುವುದು ಇನ್ನೊಂದು.

ಮಗಳಿಗೆ ಎರಡು ವರ್ಷ ಆಗುವಾಗ ಕಾಲೇಜಿನ ಮೇಡಂ ಫೋನ್ ಮಾಡಿದರು. ನನ್ನ ಪ್ರಾಜೆಕ್ಟಿಗೆ ಮಾರ್ಗದರ್ಶಕರಾಗಿ ಇದ್ದವರು ಅವರೇ.

“ನೀನು ಇದ್ದೀಯಾ, ಇಲ್ವಾ?” ಎಂದು ಕೇಳಿದರು. ಇದ್ದೇನೆ ಎಂದೆ. “ಸೇರಿ ಆರು ವರ್ಷದೊಳಗೆ ಎಲ್ಲ ಮುಗಿಸಬೇಕು ಅಂತ ನಿಯಮ ಉಂಟು. ನಿನ್ನದು ಈ ಸಲಕ್ಕೆ ಆರು ಆಗ್ತದೆ. ಪ್ರಾಜೆಕ್ಟ್ ಕೊಡದಿದ್ದರೆ ಇಷ್ಟರವರೆಗೆ ಪಾಸಾದದ್ದೆಲ್ಲ ಹೋಯಿತು. ಮತ್ತೆ ಮೊದಲಿಂದ.”

ಮೊದಲಿಂದ ಎಂದರೆ ಅಣಬೆಯಿಂದ. ಶವಾಸನದಿಂದ. ಬೇರೆ ದಾರಿ ಇರಲಿಲ್ಲ, ಅಡುಗೆಮನೆಗೆ ಹೋಗಿ ಅತ್ತೆಗೆ ಎಲ್ಲ ಹೇಳಿದೆ. ಅತ್ತೆಯನ್ನು ನಾವು ಕರೆಯುವುದು ಮಾಮಿ ಎಂದು, ನಮ್ಮ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅವರ ಗಂಟಲಿನ ಜೋರು ಅರ್ಧ ಕಡಿಮೆಯಾಗುತ್ತದೆ, ಓದುವವರು ಸೇರಿಸಿಕೊಳ್ಳಬೇಕು.

“ಅಂದರೆ ನಿನಗೆ ಡಿಗ್ರಿ ಆಗ್ಲಿಲ್ಲ?”

“ಎಲ್ಲ ಆಗಿದೆ ಮಾಮಿ, ಒಂದು ಬಾಕಿ.”

“ಒಂದು ಬಾಕಿ ಅಂದರೆ ಆಗ್ಲಿಲ್ಲ ಅಂತ.” ಅವರು ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಿದರು. “ನಾನು ಊರಿಡೀ ಹೇಳಿದ್ದೇನೆ.”

“ಗೊತ್ತುಂಟು.”

“ಗೊತ್ತಿದ್ದೂ ಬಾಯಿಗೆ ಬೀಗ ಹಾಕಿ ಕೂತದ್ದಾ?”

ಎರಡು ದಿನ ನನ್ನ ಜೊತೆ ಮಾತಿಲ್ಲ. ನನಗೆ ಹೇಳಬೇಕಾದದ್ದನ್ನೆಲ್ಲ ಮೊಮ್ಮಗಳಿಗೆ ಹೇಳುತ್ತಿದ್ದರು. “ನಿನ್ನ ಅಮ್ಮನಿಗೆ ಹೇಳು, ಸಾರು ಕುದಿಯಿತು ಅಂತ.” ಮಗಳಿಗೆ ಆಗ ಬರುತ್ತಿದ್ದ ಮಾತು ನಾಲ್ಕು, ಅದರಲ್ಲಿ ಸಾರು ಇರಲಿಲ್ಲ. ಮೂರನೇ ದಿನ ತಾವಾಗಿಯೇ ಬಂದು, “ಎಂತ ಮಾಡಬೇಕು ಅಂತ ಹೇಳು. ಆದರೆ ಊರಿಗೆ ಗೊತ್ತಾಗಬಾರದು” ಎಂದರು.

ಊರಿನ ಐವತ್ತು ಮನೆಗಳಿಗೆ ಹೋಗಿ ಮಾಡಬೇಕಾದ ಕೆಲಸವನ್ನು ಊರಿಗೆ ಗೊತ್ತಾಗದ ಹಾಗೆ ಮಾಡುವುದು ಹೇಗೆ ಎಂದು ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಪ್ರಶ್ನೆಗಳ ಹಾಳೆಯ ಮೇಲ್ಭಾಗದಲ್ಲಿಯೇ ‘ಬಿ.ಎ. ಪದವಿಯ ಅವಶ್ಯಕತೆಗಳ ಭಾಗಶಃ ಪೂರೈಕೆಗಾಗಿ’ ಎಂದು ದಪ್ಪಕ್ಷರದಲ್ಲಿ ಇತ್ತು. ಅತ್ತೆ ಹಾಳೆಯನ್ನು ಕೈಗೆ ತೆಗೆದುಕೊಂಡು, ಆ ಸಾಲು ಹಿಂದಕ್ಕೆ ಹೋಗುವ ಹಾಗೆ ಮಡಚಿ, ರಟ್ಟಿಗೆ ಕ್ಲಿಪ್ ಹಾಕಿದರು. ನನ್ನ ಹಳೆಯ ಕಾಲೇಜು ಐಡಿ ಕಾರ್ಡನ್ನು ಕೊರಳಿಗೆ ಹಾಕಿಸಿದರು, ಫೋಟೋ ಒಳಗಡೆಗೆ ತಿರುಗಿಸಿ. “ಏನು ಅಂತ ಕೇಳಿದರೆ ನೀನು ಮಾತಾಡಬೇಡ. ನಾನು ಹೇಳ್ತೇನೆ” ಎಂದರು. ಅವರು ಜೊತೆಗೆ ಬರುವುದು ಆಗ ತೀರ್ಮಾನವಾಯಿತು.

ಮೇಡಂ ಹಾಕಿದ್ದ ನಿಯಮ ಒಂದೇ, ಆದರೆ ಬಿಗಿ. ಊರಿನ ಒಂದು ತುದಿಯಿಂದ ಹೊರಟು ಮನೆಗಳನ್ನು ಎಣಿಸುತ್ತಾ ಪ್ರತಿ ಐದನೇ ಮನೆಗೆ ಹೋಗಬೇಕು. “ನಿನಗೆ ಬೇಕಾದವರ ಮನೆಗೆ ಹೋಗಿ ಚಾ ಕುಡಿದು ಬರುವುದಲ್ಲ. ನಾಲ್ಕು ಬಿಟ್ಟು ಐದನೆಯದ್ದು. ಇಲ್ಲದಿದ್ದರೆ ಸ್ಯಾಂಪಲ್ ಹಾಳಾಗ್ತದೆ” ಎಂದಿದ್ದರು. ಅವರದು ದೊಡ್ಡ ಪೇಟೆಯ ಅಭ್ಯಾಸ. ನಾಲ್ಕು ಮನೆಯ ಅಂಗಳವನ್ನು ದಾಟಿ ಐದನೆಯ ಮನೆಯ ಮೆಟ್ಟಿಲು ಹತ್ತುವುದೆಂದರೆ ನಮ್ಮ ಕಡೆ ಏನರ್ಥ ಎಂದು ಅವರಿಗೆ ಗೊತ್ತಿರಲಿಲ್ಲ. ಮದುವೆಗೆ ಕರೆಯುವಾಗ ಒಂದು ಮನೆ ತಪ್ಪಿದರೆ ಮೂರು ತಲೆಮಾರು ನೆನಪಿಟ್ಟುಕೊಳ್ಳುವ ಊರು ಇದು.

ಒಂದು ಮಧ್ಯಾಹ್ನ ಊಟವಾದ ಮೇಲೆ ಹೊರಟೆವು. ಮುಂದೆ ಅತ್ತೆ, ಅವರ ಸೊಂಟದ ಮೇಲೆ ಮಗಳು, ಹಿಂದೆ ರಟ್ಟು ಹಿಡಿದುಕೊಂಡು ನಾನು. ಮೊದಲ ಮನೆಯಲ್ಲಿ ಹೆಂಗಸು ಸಿಟೌಟಿನಲ್ಲಿ ಕೂತು ಬೀಡಿ ಕಟ್ಟುತ್ತಿದ್ದಳು. ನಮ್ಮನ್ನು ಕಂಡು ಎದ್ದು ನಿಂತಳು. “ಇದು ಎಂತದು ಅಕ್ಕ?” ಎಂದು ಕೇಳಿದಳು.

ಅತ್ತೆ ಸುಳ್ಳು ಹೇಳುವವರಲ್ಲ. “ಮೇಲಿನಿಂದ ಬಂದದ್ದು” ಎಂದರು.

ಮೂಡುಬಿದಿರೆ ನಮಗಿಂತ ಮೇಲೋ ಕೆಳಗೋ ನಾನು ವಿಚಾರಿಸಲು ಹೋಗಲಿಲ್ಲ. ಹೆಂಗಸಿನ ಕಣ್ಣು ನನ್ನ ಕೊರಳಿನ ಕಾರ್ಡಿನ ಮೇಲೆ ಬಿತ್ತು. ಕುರ್ಚಿ ಬಂತು, ಬೆಲ್ಲ ನೀರು ಬಂತು, ಚಾ ಬಂತು, ಮಗಳಿಗೆ ಬಿಸ್ಕಿಟ್ ಬಂತು. ಹೆಂಗಸು ಮತ್ತೆ ಬೀಡಿಯ ಮೊರವನ್ನು ಮಡಿಲಿಗೆ ಎಳೆದುಕೊಂಡು ಕೂತಳು. ನಾನು ಮೊದಲ ಪ್ರಶ್ನೆ ಕೇಳಿದೆ. “ತಾವು ಯಾವ ಉದ್ಯೋಗದಲ್ಲಿ ತೊಡಗಿದ್ದೀರಿ?” ಕಾಲೇಜಿನ ಕನ್ನಡ, ಅತ್ತೆ ಅದನ್ನು ತುಳುವಿಗೆ ಇಳಿಸಿದರು: “ನಿನಗೆ ಕೆಲಸ ಎಂತ?”

“ನನಗೆಂತ ಕೆಲಸ? ಮನೆಯಲ್ಲೇ ಸುಮ್ಮನೆ ಇರುವುದು.”

‘ಏನೂ ಇಲ್ಲ’ ಎಂದು ಬರೆದೆ. ಅತ್ತೆ ನನ್ನ ಹೆಗಲ ಮೇಲಿಂದ ನೋಡಿದರು. “ಸುಮ್ಮನೆ ಇರುವವಳಾ? ನಿನ್ನ ಮಡಿಲಲ್ಲಿರುವುದು ಎಂತ ಹಾಗಾದರೆ? ಹಟ್ಟಿಯಲ್ಲಿ ಎರಡು ದನ ಉಂಟಲ್ಲ, ಅದಕ್ಕೆ ಹುಲ್ಲು ತರುವವರು ಯಾರು? ಹೊಡೆದು ಹಾಕು ಅದನ್ನು.” ನಾನು ಹೊಡೆದು ಹಾಕಿದೆ.

ಹೀಗೇ ಸಾಗಿತು. ಎಲ್ಲ ಮನೆಯಲ್ಲೂ ಹೆಂಗಸರು ಏನೂ ಕೆಲಸ ಇಲ್ಲ ಎನ್ನುವುದು, ನಾನು ಬರೆಯುವುದು, ಅತ್ತೆ ಹೊಡೆದು ಹಾಕಿಸುವುದು. ‘ವಿರಾಮಕ್ಕೆ ಎಷ್ಟು ಸಮಯ ವಿನಿಯೋಗಿಸುತ್ತೀರಿ’ ಎಂಬ ಪ್ರಶ್ನೆಯನ್ನು ಅತ್ತೆ “ಯಾವಾಗ ಕೂತುಕೊಳ್ಳುವುದು?” ಎಂದು ಕೇಳುತ್ತಿದ್ದರು. ಬಸಳೆ ಸೋಸುವಾಗ ಎಂದಳು ಒಬ್ಬಳು. ಬಸ್ಸಿನಲ್ಲಿ ಸೀಟು ಸಿಕ್ಕಿದರೆ ಎಂದಳು ಇನ್ನೊಬ್ಬಳು. ದಿನಕ್ಕೆ ಮೂರು ಗಂಟೆ ಟಿವಿ ನೋಡುತ್ತೇನೆ ಎಂದ ಮಹಾತಾಯಿ ಒಬ್ಬಳೇ ಸಿಕ್ಕಿದ್ದು. ನಾನು ಸಂತೋಷದಿಂದ ಬರೆದುಕೊಂಡೆ. “ನೋಡುವಾಗ ಕೈಯಲ್ಲಿ ಎಂತ ಇರ್ತದೆ?” ಎಂದು ಅತ್ತೆ ವಿಚಾರಣೆ ಮಾಡಿದರು. ಬೀಡಿ ಎಲೆ ಇರುತ್ತಿತ್ತು. ಅದನ್ನೂ ಹೊಡೆದು ಹಾಕಬೇಕಾಯಿತು.

ನಾನು ಸರಕಾರಿ ಮನುಷ್ಯಳಾಗಿಬಿಟ್ಟಿದ್ದೆ. ಗಂಡಸರು ಒಳಗಿನಿಂದ ಬಂದು ದಾರಿದೀಪ ಉರಿಯದ್ದನ್ನು ಬರೆದುಕೊಳ್ಳಿ ಎನ್ನುತ್ತಿದ್ದರು. ಒಬ್ಬರು ಬಸ್ಸು ನಿಲ್ಲಿಸದ ಡ್ರೈವರಿನ ಮೇಲೆ ಎರಡು ಪುಟದ ಅರ್ಜಿಯನ್ನೇ ಕೊಟ್ಟರು. ನಾನು ತಲೆಯಾಡಿಸುತ್ತಿದ್ದೆ. ತಲೆಯಾಡಿಸಬಾರದಿತ್ತು. ಸರಕಾರಿ ಮನುಷ್ಯರು ಅಷ್ಟು ವಿನಯದಿಂದ ತಲೆಯಾಡಿಸಿದರೆ ಏನೋ ದೊಡ್ಡದು ಬರುತ್ತದೆ ಎಂದು ಜನ ತಿಳಿಯುತ್ತಾರೆ. ಇಪ್ಪತ್ತು ಮನೆ ಮುಗಿಯುವಾಗ ಹೆಂಗಸರಿಗೆ ಯಾವುದೋ ಹೊಸ ಯೋಜನೆ ಬಂದಿದೆ, ಪಟ್ಟಿ ತಯಾರಾಗುತ್ತಿದೆ ಎಂದು ಸುದ್ದಿಯಾಗಿತ್ತು. ನನಗೆ ಅದು ಗೊತ್ತಾದದ್ದು ತಡವಾಗಿ. ಗೊತ್ತಾಗುವಾಗ ಚಾ ಕುಡಿದು ಕುಡಿದು ನನ್ನ ಹೊಟ್ಟೆಯೇ ಒಂದು ಸಮಸ್ಯೆಯಾಗಿತ್ತು.

ಮೊದಲು ಬೇರೆಯೇ ಲಕ್ಷಣ ಕಾಣಿಸಿತು. ನಮ್ಮ ಕೆಳಗಿನ ಮನೆಯಲ್ಲಿ ಒಬ್ಬರು ಅಕ್ಕ ಇದ್ದಾರೆ, ಅತ್ತೆಯ ಆಪ್ತ ಸ್ನೇಹಿತೆ. ಅವರ ಮನೆಯ ಮಜ್ಜಿಗೆ ದಿನಾ ನಮ್ಮಲ್ಲಿಗೆ ಬರುತ್ತಿತ್ತು, ನಮ್ಮ ಕರಿಬೇವು ಅವರಲ್ಲಿಗೆ ಹೋಗುತ್ತಿತ್ತು. ಆ ವಾರ ಮಜ್ಜಿಗೆ ನಿಂತಿತು. ಅತ್ತೆ ಬೇಲಿಯ ಹತ್ತಿರ ನಿಂತು ಕರೆದರೆ ಆಚೆಯಿಂದ ಪಾತ್ರೆ ತಿಕ್ಕುವ ಸದ್ದು ಮಾತ್ರ ಜೋರಾಗುತ್ತಿತ್ತು. ಲೆಕ್ಕ ಹಾಕಿ ನೋಡಿದೆ. ನಾನು ಐದೈದಾಗಿ ಎಣಿಸುತ್ತ ಬಂದ ಸಾಲಿನಲ್ಲಿ ಅವರದು ಮೂರನೇ ಮನೆ. ಅವರ ಅಂಗಳವನ್ನೇ ದಾಟಿಕೊಂಡು, ಅವರ ಜೊತೆ ಅಷ್ಟಕ್ಕಷ್ಟೇ ಇದ್ದ ಇನ್ನೊಂದು ಮನೆಗೆ ಹೋಗಿ ಚಾ ಕುಡಿದು ಬಂದಿದ್ದೆವು.

“ಅವರ ಮನೆಗೂ ಒಂದು ಹೋಗಿ ಬರುವ” ಎಂದರು ಅತ್ತೆ.

“ಆಗುವುದಿಲ್ಲ ಮಾಮಿ, ಸ್ಯಾಂಪಲ್ ಹಾಳಾಗ್ತದೆ.”

“ಮಜ್ಜಿಗೆ ಹಾಳಾದದ್ದು ನಿನಗೆ ಕಾಣುವುದಿಲ್ವಾ?”

ನನಗೂ ಸಿಟ್ಟು ಬಂತು. ಇದು ನನ್ನ ಡಿಗ್ರಿಯ ಪ್ರಶ್ನೆ, ಒಂದು ಲೋಟ ಮಜ್ಜಿಗೆಗೋಸ್ಕರ ಆರು ವರ್ಷ ನೀರಿಗೆ ಹಾಕಲೇ ಎಂದು ಒದರಿದೆ. ಅತ್ತೆ ಐವತ್ತನೇ ಮನೆ ಮುಗಿಯುವವರೆಗೂ ನನ್ನ ಜೊತೆ ಬಂದರು, ಬಿಟ್ಟ ಮನೆಗಳ ಎದುರು ಮಾತ್ರ ತಲೆ ತಗ್ಗಿಸಿಕೊಂಡು ಬೇಗ ಬೇಗ ನಡೆದರು. ಅವರು ಹಾಗೆ ನಡೆಯುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನೋಡಿಯೂ ನನ್ನ ಹಟ ಬಿಡಲಿಲ್ಲ.

ಸರ್ವೆ ಮುಗಿದ ಭಾನುವಾರ ಬೆಳಿಗ್ಗೆ ದೋಸೆ ಹೊಯ್ಯುತ್ತಿದ್ದೆ. ಅಂಗಳದಲ್ಲಿ ಗುಜುಗುಜು ಕೇಳಿಸಿತು. ಹೊರಗೆ ಬಂದು ನೋಡಿದರೆ ಹನ್ನೆರಡು ಮಂದಿ ಹೆಂಗಸರು. ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಕವರು, ಕವರಿನೊಳಗೆ ಆಧಾರ್ ಕಾರ್ಡ್, ರೇಷನ್ ಕಾರ್ಡ್, ಬ್ಯಾಂಕ್ ಪುಸ್ತಕದ ಮೊದಲ ಪುಟ, ಎಲ್ಲದರ ಎರಡೆರಡು ಜೆರಾಕ್ಸ್. ಇಬ್ಬರು ಪಾಸ್‌ಪೋರ್ಟ್ ಅಳತೆಯ ಫೋಟೋ ಕೂಡ ತಂದಿದ್ದರು. ಎಲ್ಲರ ಮುಂದೆ ಕೆಳಗಿನ ಮನೆಯ ಅಕ್ಕ.

“ನಮ್ಮ ಹೆಸರು ಯಾಕೆ ಬಿಟ್ಟದ್ದು?” ಎಂದು ಅವರು ನೇರವಾಗಿ ಅತ್ತೆಯನ್ನು ಕೇಳಿದರು. “ನಾವು ಬಡವರಲ್ವಾ? ನಮಗೆ ಯೋಜನೆ ಬೇಡ್ವಾ? ಇಷ್ಟು ವರ್ಷದ ನೆರೆಕರೆ, ನೀವು ನಮ್ಮ ಅಂಗಳದಲ್ಲಿ ನಡೆದುಕೊಂಡು ಹೋಗಿ ಅವರ ಹೆಸರು ಬರೆಸಿದಿರಿ.”

ನನ್ನ ಗಂಡ ಟವೆಲ್ ಹೆಗಲಿಗೆ ಹಾಕಿಕೊಂಡು ಬಾಗಿಲವರೆಗೆ ಬಂದು, ಪರಿಸ್ಥಿತಿ ನೋಡಿ, ಸ್ನಾನಕ್ಕೆ ಹೋದರು. ನಾನು ಅತ್ತೆಯ ಮುಖ ನೋಡಿದೆ. ಏನು ಹೇಳುತ್ತಾರೆ? ‘ನಿಮ್ಮ ಹೆಸರು ಮೇಲಿನಿಂದ ಬರಲಿಲ್ಲ’ ಎಂದು ಹೇಳಿ ಸಾಗಹಾಕಬಹುದಿತ್ತು. ಎರಡನೇ ಪಟ್ಟಿ ಬರುತ್ತದೆ ಎಂದೂ ಹೇಳಬಹುದಿತ್ತು. ಸರಕಾರದ ಹೆಸರಿನಲ್ಲಿ ಹೇಳಿದ ಮಾತಿಗೆ ಯಾರೂ ಸಾಕ್ಷಿ ಕೇಳುವುದಿಲ್ಲ.

ಅತ್ತೆ ಮೆಟ್ಟಿಲಿಳಿದು ಅಂಗಳಕ್ಕೆ ಹೋದರು. “ಯೋಜನೆ ಗೀಜನೆ ಎಂತದೂ ಇಲ್ಲ” ಎಂದರು. “ಇವಳ ಕಾಲೇಜಿನದ್ದು ಅದು. ಇವಳಿಗೆ ಡಿಗ್ರಿ ಆಗ್ಲಿಲ್ಲ. ಇದೊಂದು ಬರೆದು ಕೊಟ್ಟರೆ ಆಗ್ತದೆ ಅಂತೆ. ಆಗಿದೆ ಅಂತ ಇಷ್ಟು ವರ್ಷ ಹೇಳಿಕೊಂಡು ತಿರುಗಿದ್ದು ನಾನು, ಅವಳಲ್ಲ. ತಪ್ಪು ನನ್ನದು.”

ಅವಳಲ್ಲ ಎಂದದ್ದು ಕೇಳಿ ನನಗೆ ಅಳು ಬಂತು. ದೋಸೆ ಸೀದು ಹೋಗುವ ವಾಸನೆಯೂ ಬರುತ್ತಿತ್ತು.

ಒಂದಿಬ್ಬರು ಕವರನ್ನು ಮಡಚಿ ಕಂಕುಳಿಗೆ ಸೇರಿಸಿದರು. ಆಮೇಲೆ ಕೆಳಗಿನ ಮನೆಯ ಅಕ್ಕ, “ಅದು ನಮಗೆ ಗೊತ್ತುಂಟು ಮಾರಾಯ್ತಿ” ಎಂದರು.

“ಎಂತದು ಗೊತ್ತುಂಟು?”

“ಡಿಗ್ರಿ ಆಗದ್ದು. ನನ್ನ ತಂಗಿಯ ಮಗಳು ಇವಳ ಕ್ಲಾಸಿನಲ್ಲಿ ಇದ್ದವಳಲ್ವಾ? ನಿಮ್ಮ ಮಗನ ಮದುವೆಯ ಊಟದಲ್ಲೇ ಹೇಳಿದ್ದಾಳೆ, ಇವಳದ್ದು ಪ್ರಾಜೆಕ್ಟ್ ಬಾಕಿ ಅಂತ.” ಹಿಂದಿದ್ದ ಹೆಂಗಸರೆಲ್ಲ ತಲೆಯಾಡಿಸಿದರು. ಯಾರಿಗೂ ಅದು ಹೊಸ ಸುದ್ದಿಯಾಗಿರಲಿಲ್ಲ. “ನೀವು ಅಷ್ಟು ಖುಷಿಯಲ್ಲಿ ಹೇಳುವಾಗ ಯಾಕೆ ಹೇಳುವುದು ಅಂತ ಸುಮ್ಮನಿದ್ದದ್ದು.”

ಅತ್ತೆ ಅಂಗಳದ ತುಳಸಿಕಟ್ಟೆಯ ಮೇಲೆ ಕೂತುಬಿಟ್ಟರು. ಅವರಿಗೆ ನಾಚಿಕೆಯಾಯಿತೋ ನೆಮ್ಮದಿಯಾಯಿತೋ ಹೇಳಲಾರೆ, ಎರಡೂ ಇದ್ದಿರಬೇಕು. ಮೂರು ವರ್ಷ ಒಂದಿಡೀ ಊರು ಗೊತ್ತಿಲ್ಲದ ಹಾಗೆ ನಟಿಸಿತ್ತು. ಡೈರಿಯಲ್ಲಿ ಹಾಲು ಹಾಕುವಾಗ, ಹೌದಾ ಅಕ್ಕ, ಡಿಗ್ರಿಯಾ, ಒಳ್ಳೆಯದಾಯಿತು ಎಂದು ಕೇಳಿಸಿಕೊಂಡಿತ್ತು. ನಾನು ಮೂರು ವರ್ಷ ಕಾಲೇಜಿನಲ್ಲಿ ಓದಿದ ಯಾವ ಸಿದ್ಧಾಂತದಲ್ಲೂ ಇಂಥ ಜನರ ಬಗ್ಗೆ ಏನೂ ಬರೆದಿರಲಿಲ್ಲ.

“ಅದೆಲ್ಲ ಇರಲಿ,” ಎಂದರು ಕೆಳಗಿನ ಮನೆಯ ಅಕ್ಕ, ಇನ್ನೂ ಮುಖ ಊದಿಸಿಕೊಂಡೇ. “ನಮ್ಮ ಮನೆ ಯಾಕೆ ಬಿಟ್ಟದ್ದು? ನಮಗೆ ಕೆಲಸ ಇಲ್ವಾ?”

ಇದಕ್ಕೆ ಉತ್ತರ ನಾನು ಕೊಡಬೇಕಿತ್ತು. ಐದನೇ ಮನೆಯ ನಿಯಮವನ್ನು ವಿವರಿಸಿದೆ. ಪಕ್ಷಪಾತ ಆಗಬಾರದೆಂದೇ ಹೀಗೆ ಎಣಿಸುವುದು ಎಂದೆ. “ನಾಲ್ಕು ಮನೆಯವರನ್ನು ಬಿಟ್ಟು ಒಬ್ಬರನ್ನು ಮಾತ್ರ ಕೇಳುವುದಕ್ಕೆ ಪಕ್ಷಪಾತ ಇಲ್ಲದ್ದು ಅಂತ ಹೇಳುವುದಾ?” ಎಂದು ಒಬ್ಬಳು ಕೇಳಿದಳು. ನಮ್ಮ ಮೇಡಂ ಅಲ್ಲಿದ್ದರೆ ಏನು ಹೇಳುತ್ತಿದ್ದರೋ. ನಾನು ಒಳಗೆ ಹೋಗಿ, ಉಳಿದಿದ್ದ ಹಾಳೆಗಳನ್ನೆಲ್ಲ ತಂದೆ. ಆ ಹನ್ನೆರಡು ಮಂದಿಯನ್ನೂ ಒಬ್ಬೊಬ್ಬರಾಗಿ ಕೂರಿಸಿ ಕೇಳಿದೆ. ಸಾಯಂಕಾಲದವರೆಗೆ ಹಿಡಿಯಿತು. ಈ ಸಲ ಚಾ ಮಾಡುವ ಸರದಿ ನಮ್ಮದು, ಅತ್ತೆ ಒಲೆಗೂ ಅಂಗಳಕ್ಕೂ ಓಡಾಡುತ್ತಾ ಅಲ್ಲಿಂದಲೇ “ಸುಳ್ಳು, ಹೊಡೆದು ಹಾಕು” ಎಂದು ಕೂಗುತ್ತಿದ್ದರು. ಆ ಹನ್ನೆರಡು ಹಾಳೆಗಳು ವರದಿಗೆ ಸೇರಲಿಲ್ಲ. ಮರುದಿನ ಮಜ್ಜಿಗೆ ಬಂತು, ಎರಡು ಲೋಟ.

ವರದಿಯನ್ನು ಮೇಡಂ ಒಪ್ಪಿದರು. ಆದರೆ ಕೊನೆಯ ಮಾತು ಪರೀಕ್ಷಕರದ್ದು, ಅವರು ಬೇಡ ಎಂದರೆ ಬೇಡವೇ. ವೈವಾ ದಿನ ಅತ್ತೆಯೂ ಮಗಳೂ ಜೊತೆಗೆ ಬಂದು, ವರಾಂಡದ ಬೆಂಚಿನಲ್ಲಿ ಕೂತರು. ನಾನು ಒಳಗೆ ಹೋದೆ. ಪರೀಕ್ಷಕರು ಬೆಳ್ತಂಗಡಿಯ ಕಡೆಯವರು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನೋಡುವವರು. ನನ್ನ ಐವತ್ತು ಹಾಳೆಗಳನ್ನು ಮೇಜಿನ ಮೇಲೆ ಹರಡಿಕೊಂಡಿದ್ದರು.

“ವರ್ಷ ವರ್ಷ ನೋಡ್ತೇನೆ,” ಎಂದರು ಅವರು, ಸಿಟ್ಟಿಲ್ಲದೆ. “ಒಂದು ಫ್ಯಾನಿನ ಕೆಳಗೆ ಕೂತು ಐವತ್ತು ಮನೆ ಮುಗಿಸಿ ಬರ್ತಾರೆ. ನೀವು ಸ್ವಲ್ಪ ಜಾಸ್ತಿಯೇ ಕಷ್ಟಪಟ್ಟಿದ್ದೀರಿ. ಎಲ್ಲ ಹಾಳೆಯಲ್ಲೂ ಮೊದಲು ಒಂದು ಬರೆದು, ಹೊಡೆದು ಹಾಕಿ, ಮೇಲೆ ಇನ್ನೊಂದು ಬರೆದಿದ್ದೀರಿ. ಐವತ್ತರಲ್ಲಿ ಐವತ್ತೂ ತಿದ್ದಿದ್ದು. ಇದನ್ನು ನಾನು ಹೇಗೆ ನಂಬುವುದು?”

“ಅದು ನಮ್ಮ ಅತ್ತೆ ಹೊಡೆಸಿದ್ದು ಸರ್” ಎಂದೆ. ಕೇಳುವವರಿಗೆ ಹೇಗಿರುತ್ತದೆ ಎಂದು ಬಾಯಿ ಬಿಟ್ಟ ಮೇಲೆ ತಿಳಿಯಿತು. ಮೇಡಂ ಕಿಟಕಿಯ ಕಡೆ ಮುಖ ಮಾಡಿದರು. ವರದಿಯ ಕೊನೆಯ ಅಧ್ಯಾಯ ತೆರೆದು ತೋರಿಸಿದೆ. ‘ಅಧ್ಯಯನದ ಮಿತಿಗಳು’ ಎಂಬ ತಲೆಬರಹದ ಕೆಳಗೆ ಒಂದೇ ಮಿತಿಯನ್ನು ಬರೆದಿದ್ದೆ: ಎಲ್ಲ ಸಂದರ್ಶನಗಳಲ್ಲಿ ಅಧ್ಯಯನಕಾರರ ಅತ್ತೆ ಉಪಸ್ಥಿತರಿದ್ದು, ಉತ್ತರಗಳ ಮೇಲೆ ಪ್ರಭಾವ ಬೀರಿದ್ದಾರೆ.

ಪರೀಕ್ಷಕರು ಅದನ್ನು ಎರಡು ಸಲ ಓದಿದರು. “ಎಲ್ಲಿದ್ದಾರೆ ಅವರು?”

ಅತ್ತೆ ಮಗಳನ್ನು ಎತ್ತಿಕೊಂಡು ಒಳಗೆ ಬಂದರು. ಪರೀಕ್ಷಕರು ಎದ್ದು ಕುರ್ಚಿ ತೋರಿಸಿದರು, ಅತ್ತೆ ಕೂರಲಿಲ್ಲ. ಪರೀಕ್ಷಕರು ಒಂದು ಹಾಳೆ ಎತ್ತಿಕೊಂಡು, ಹೆಸರಿಲ್ಲದ ಆ ಹಾಳೆಯಿಂದ ಓದಿದರು. “ಅಮ್ಮ, ಒಂದು ಮನೆಯಲ್ಲಿ ಆರು ಜನ, ಎರಡು ದನ, ಬೀಡಿ ಕಟ್ಟುವವರು. ಬೆಳಿಗ್ಗೆ ಏಳುವುದು ಐದು ಗಂಟೆಗೆ ಅಂತ ಉಂಟು.”

“ಅದು ಹೊಳೆ ದಾಟುವ ಸಂಕದ ಹತ್ತಿರದ ಮನೆ ಸರ್,” ಎಂದರು ಅತ್ತೆ. ಕನ್ನಡವನ್ನು ಅವರು ಶಾಲೆಯ ಪಾಠ ಒಪ್ಪಿಸುವ ಹಾಗೆ ನಿಧಾನಕ್ಕೆ ಮಾತಾಡುವುದು. “ಐದು ಅಂತ ಅವಳು ಹೇಳಿದ್ದು. ಅದು ಸುಳ್ಳು. ನಾಲ್ಕೂವರೆಗೆ ಏಳ್ತಾಳೆ. ಇವಳು ಅದನ್ನು ಸರಿ ಮಾಡ್ಲಿಲ್ವಾ?”

“ಮಾಡಿದ್ದಾರೆ, ನಾಲ್ಕೂವರೆ ಅಂತ ಮೇಲೆ ಬರೆದಿದ್ದಾರೆ. ನಿಮಗೆ ಹೇಗೆ ಗೊತ್ತು?”

“ನಾನು ಹಟ್ಟಿಗೆ ಹೋಗುವಾಗ ಅವಳ ಲೈಟು ಹತ್ತುವುದು ಕಾಣ್ತದೆ.”

ಇನ್ನೊಂದು ಹಾಳೆ ಓದಿದರು. ಇನ್ನೊಂದು. ಏಳೋ ಎಂಟೋ ಆಯಿತು. ಅತ್ತೆ ಎಲ್ಲವನ್ನೂ ಹೇಳಿದರು: ಯಾರ ಮನೆಯಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದಾರೆ, ಯಾರು ಮಕ್ಕಳನ್ನು ಬಸ್ಸು ಹತ್ತಿಸಿ ಬಂದು ತೋಟಕ್ಕೆ ಇಳಿಯುತ್ತಾರೆ, ಯಾರು ಉಣ್ಣುವುದು ಮೂರು ಗಂಟೆಗೆ. ಒಂದು ಕಡೆ ನಾನು ತಪ್ಪು ಬರೆದದ್ದನ್ನೂ ಕಂಡುಹಿಡಿದು, ಅಲ್ಲೇ ನನ್ನನ್ನು ಬೈದರು. ಪರೀಕ್ಷಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಆಯಿತಮ್ಮ, ಸಾಕು. ಇನ್ನು ನಾನು ಕೇಳಿದರೆ ನನ್ನ ಮನೆಯದ್ದೂ ಹೇಳ್ತೀರಿ” ಎಂದು ಅಂಕದ ಹಾಳೆಗೆ ಸಹಿ ಹಾಕಿದರು. ಅಂಕ ಹೇಳುವ ಹಾಗಿಲ್ಲ; ಹೊರಗೆ ಬಂದ ಮೇಲೆ ಮೇಡಂ ನನ್ನ ಕೈ ಹಿಡಿದು, “ಮನೆಗೆ ಹೋಗಿ ಪಾಯಸ ಮಾಡು” ಎಂದಷ್ಟೇ ಹೇಳಿದರು. ನಾನು ವರಾಂಡದಲ್ಲೇ ಅತ್ತುಬಿಟ್ಟೆ. ನನಗೆ ಡಿಗ್ರಿ ಆಗಿತ್ತು.

ಶಿರ್ತಾಡಿಯ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಮಗಳು ನಿದ್ದೆ ಹೋದಳು. ಅತ್ತೆ ವರದಿಯನ್ನು ಮಡಿಲಲ್ಲಿ ಇಟ್ಟುಕೊಂಡು ಪುಟ ತಿರುಗಿಸುತ್ತಿದ್ದರು. ಐವತ್ತು ಮನೆಗಳ ಕೋಷ್ಟಕದ ಮೇಲೆ ಬೆರಳಿಟ್ಟು ಕೆಳಗಿನವರೆಗೆ ಬಂದರು, ಮತ್ತೆ ಮೇಲಿನಿಂದ ಬಂದರು.

“ಇದರಲ್ಲಿ ನಮ್ಮ ಮನೆ ಯಾವುದು?” ಎಂದು ಕೇಳಿದರು.

“ನಮ್ಮದು ಇಲ್ಲ ಮಾಮಿ. ಎಣಿಸುವಾಗ ನಮ್ಮದು ನಾಲ್ಕನೇ ಮನೆ.”

“ಹಾಗಾ,” ಎಂದರು. ವರದಿಯನ್ನು ಮುಚ್ಚಿ ನನಗೆ ಕೊಟ್ಟು, ಕಿಟಕಿಯ ಹೊರಗೆ ನೋಡತೊಡಗಿದರು. ಮುನಿಸೇನೂ ಇರಲಿಲ್ಲ.

ಐವತ್ತು ಮನೆ. ಅದರ ಮೇಲೆ ಅಂಗಳಕ್ಕೆ ಬಂದ ಹನ್ನೆರಡು. ಎಲ್ಲ ಕಡೆ ನನ್ನ ಪಕ್ಕದಲ್ಲಿ ನಿಂತು, ಮಗುವನ್ನು ಸೊಂಟದಲ್ಲಿಟ್ಟುಕೊಂಡು, ಇನ್ನೊಬ್ಬರ ಕೆಲಸವನ್ನು ಬಿಡದೆ ಬರೆಸಿದ ಹೆಂಗಸನ್ನು ನಾನು ಒಂದು ಮಾತು ಕೇಳಿರಲಿಲ್ಲ. ನನ್ನ ಮೇಲೆ ನನಗೇ ಸಿಟ್ಟು ಬಂತು. ಚೀಲ ತಡಕಾಡಿದೆ. ತಳದಲ್ಲಿ ಮುದುಡಿಹೋದ ಒಂದು ಖಾಲಿ ಹಾಳೆ ಸಿಕ್ಕಿತು. ಅದನ್ನು ವರದಿಯ ಮೇಲಿಟ್ಟು ಪೆನ್ನು ತೆಗೆದೆ.

“ಈಗ ಯಾಕೆ ಅದು? ಪಾಸಾಯಿತಲ್ಲ” ಎಂದರು ಅತ್ತೆ.

“ಇರಲಿ, ಹೇಳಿ. ಕೆಲಸ ಎಂತ?”

“ನನಗೆಂತ ಕೆಲಸ? ಮನೆಯಲ್ಲೇ.” ಹೇಳಿ ಮುಗಿಸುವ ಮೊದಲೇ ಅವರಿಗೆ ನಗು ಬಂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನು ಆ ಸಾಲನ್ನು ಖಾಲಿ ಬಿಟ್ಟು ಮುಂದಕ್ಕೆ ಹೋದೆ.

“ಬೆಳಿಗ್ಗೆ ಏಳುವುದು ಎಷ್ಟು ಗಂಟೆಗೆ?”

ಅವರು ಹೇಳಿದರು. ಆಮೇಲೆ ಏನು ಎಂದು ಕೇಳಿದೆ, ಹೇಳಿದರು. ಅದಾದ ಮೇಲೆ ಏನು ಎಂದೆ. ಬಸ್ಸು ಕುಲುಕುತ್ತಿತ್ತು, ನನ್ನ ಅಕ್ಷರ ನನಗೇ ಓದಲಾಗುತ್ತಿರಲಿಲ್ಲ, ಅವರು ನೆನಪು ಮಾಡಿಕೊಂಡು ಒಂದೊಂದನ್ನೇ ಹೇಳುತ್ತಿದ್ದರು. ಹಾಳೆಯ ಒಂದು ಬದಿ ತುಂಬಿ ಹಿಂದಕ್ಕೆ ತಿರುಗಿಸಿದೆ. ಕಂಡಕ್ಟರ್ ಶಿರ್ತಾಡಿ, ಶಿರ್ತಾಡಿ ಎಂದು ಕೂಗುವಾಗ ಅತ್ತೆಯ ದಿನದಲ್ಲಿ ಆಗಿನ್ನೂ ಬೆಳಿಗ್ಗೆ ಆರೂಮುಕ್ಕಾಲು. ಆ ಹೊತ್ತಿಗೆ ನಾನು ಇನ್ನೂ ಹಾಸಿಗೆಯಿಂದ ಎದ್ದಿರಲಿಲ್ಲ.